ನಿಸ್ಸೀಮರ ಊರಲ್ಲಿ ನನ್ನ ಬೆನ್ನು

ಸಿಂಧನೂರು

ಹೊರದೇಶಕ್ಕೆ ಹೋಗಿ ಬಂದವರು ಅಲ್ಲಿಯ ರಸ್ತೆ ಹೇಗೆ ಕನ್ನಡಿಯಂತಿತ್ತು, ರೈಲು ಹೇಗೆ ಹೊತ್ತಿಗೆ ಸರಿಯಾಗಿ ಬಂತು ಎಂದು ಬರೆಯುತ್ತಾರೆ. ನನಗೆ ಅದನ್ನೆಲ್ಲ ನೋಡಲು ಪುರುಸೊತ್ತಾಗಲಿಲ್ಲ. ನಾನು ಹೋದದ್ದು ಒಂದು ಪಾತ್ರ ಸಿಗುತ್ತದೆ ಎಂಬ ಆಸೆಗೆ. ಅದು ತಾಯಿಯ ಪಾತ್ರ. ಸಮುದ್ರ, ಗುಡ್ಡಗಳ ವರ್ಣನೆ ಬೇಕಾದವರು ಬೇರೆಯವರದ್ದು ಓದಿಕೊಳ್ಳಲಿ.

ನಾನು ನಾಟಕ ಕಂಪನಿಯ ನಟಿ. ಅಪ್ಪ ಇಟ್ಟ ಹೆಸರು ಮಾಬೂಬಿ. ಕಂಪನಿಯ ಮಾಲೀಕ ಬಸಣ್ಣನವರು ಇಟ್ಟ ಹೆಸರು ಮಾಲತಿ ಸಿಂಧನೂರು. ಮೊದಲ ಸಲ ಮುಖಕ್ಕೆ ಬಣ್ಣ ಹಚ್ಚಿಕೊಂಡಾಗ ಲಂಗ ದಾವಣಿ ಉಡುತ್ತಿದ್ದೆ, ಈಗ ತಲೆಗೂದಲಿಗೂ ಬಣ್ಣ ಬೇಕಾಗಿದೆ. ಇಷ್ಟು ವರ್ಷವೂ ಮಾಡಿದ್ದು ಮನೆಗೆಲಸದವಳ ಹಾಸ್ಯ ಪಾತ್ರ. ಪೊರಕೆ ಹಿಡಿದು ರಂಗದ ಮೇಲೆ ಬಂದರೆ ಸಾಕು, ನಾನು ಬಾಯಿ ತೆರೆಯುವ ಮೊದಲೇ ಜನ ನಗುತ್ತಾರೆ. ನಾಯಕಿಯ ಪಾತ್ರಕ್ಕೆ ನನ್ನ ಮೈಯ ಕಪ್ಪು ಹೆಚ್ಚಾಯಿತು ಎಂದರು, ತಾಯಿ ಪಾತ್ರಕ್ಕೆ ನನ್ನ ಮೇಲೆ ಜನರ ನಗು ಹೆಚ್ಚಾಯಿತು ಎಂದರು.

ಕಂಪನಿ ಸಿಂಧನೂರಿನಲ್ಲಿ ಕ್ಯಾಂಪ್ ಮಾಡಿದ್ದಾಗ ಒಬ್ಬ ವಿದೇಶಿ ಮುದುಕರು ನಾಟಕ ನೋಡಲು ಬಂದರು. ಇಸ್ರೇಲಿನ ನಟರು, ಹೈಫಾ ಎಂಬ ಊರಿನಲ್ಲಿ ಸಿನಿಮಾ ಕಲಿಸುವ ಸ್ವಂತ ಶಾಲೆ ಇಟ್ಟವರು. ಜೊತೆಗೆ ರಿವ್ಕಾ ಎಂಬ ಅವರ ಹಳೆಯ ಶಿಷ್ಯೆ ಇದ್ದಳು. ಅವಳ ಹಿರಿಯರು ಮುಂಬಯಿ ಕಡೆಯ ಯಹೂದಿಗಳು, ಹಾಗಾಗಿ ಅವಳಿಗೆ ಹಿಂದಿ ಬರುತ್ತಿತ್ತು. ಮುದುಕರ ಹೆಸರು ನಿಸ್ಸೀಮ್. ರಿವ್ಕಾ ಆ ಹೆಸರು ಹೇಳಿದಾಗ ಬಸಣ್ಣನವರು ಅದನ್ನು ಬಿರುದು ಎಂದುಕೊಂಡರು.

"ಯಾವುದ್ರಾಗ ನಿಸ್ಸೀಮರಂತವ್ವಾ ಇವರು?" ಎಂದು ನನ್ನನ್ನು ಕೇಳಿದರು.

"ಹೆಸರಾ ಅದ ಅಂತ್ರಿ ಮಾಲೀಕ್ರ" ಎಂದರೂ ನಂಬಲಿಲ್ಲ. ಮರುದಿನ ಆಟೋದ ಮೈಕಿನಲ್ಲಿ "ನಟನೆಯಲ್ಲಿ ನಿಸ್ಸೀಮರಾದ ವಿದೇಶಿ ಕಲಾವಿದರು ನಮ್ಮ ನಾಟಕಕ್ಕೆ ಆಗಮಿಸಿದ್ದಾರೆ" ಎಂದು ಊರೆಲ್ಲ ಕೂಗಿಸಿಬಿಟ್ಟರು. ಮುದುಕರಿಗೆ ವಿಷಯ ತಿಳಿದು, ಕ್ಯಾಂಪಿನ ಪಕ್ಕದ ಅಕ್ಕಿ ಗಿರಣಿಯ ಹೊಟ್ಟಿನ ಧೂಳಿಗೆ ಸೀನುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಭಾಷೆಯಲ್ಲಿ ಆ ಹೆಸರಿಗೆ ಪವಾಡಗಳು ಎಂದು ಅರ್ಥವಂತೆ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಬಂದು, ನನ್ನೆದುರಿನ ಟ್ರಂಕಿನ ಮೇಲೆ ಕುಳಿತು, ರಿವ್ಕಾಳ ಮೂಲಕ ಕೇಳಿದರು: "ಯಾವಾಗಲೂ ನಿನಗೆ ಇದೇ ಪಾತ್ರವೇ?"

"ನನ್ನ ಬಣ್ಣಕ್ಕೆ ಇದೇ ಒಪ್ಪುತ್ತದಂತೆ" ಎಂದೆ.

ಅವರ ಕಣ್ಣು ಕೆಂಪಾಯಿತು. "ನನಗೂ ಹೀಗೇ ಮಾಡಿದರು. ನನ್ನ ಶಾಲೆಗೆ ಬಾ. ತರಬೇತಿಯ ಕೊನೆಗೆ ಒಂದು ಸಿನಿಮಾ ತೆಗೆಯುತ್ತೇವೆ. ಅದರಲ್ಲಿ ತಾಯಿ ನೀನೇ" ಎಂದರು. ಪ್ರಯಾಣದ ಖರ್ಚೆಲ್ಲ ಶಾಲೆಯದ್ದು. ಕಂಪನಿಯ ಹೆಂಗಸರು ಆ ಹೊತ್ತಿನಿಂದಲೇ ನನ್ನನ್ನು ಅಕ್ಕ ಎನ್ನುವುದು ಬಿಟ್ಟು ಮೇಡಂ ಎಂದು ಚುಡಾಯಿಸತೊಡಗಿದರು.

ಮಸ್ಕಿಯಲ್ಲಿರುವ ನನ್ನ ಅಕ್ಕ ಹುಸೇನಬಿಗೆ ಮಾತ್ರ ಸಿಟ್ಟು ಬಂತು. "ದುನಿಯಾದಾಗ ಬ್ಯಾರೆ ದೇಶಾನ ಇದ್ದಿದ್ದಿಲ್ಲೇನ ನಿನಗ? ಅಲ್ಲಿ ಏನೇನ್ ಆಗಾಕತ್ತೈತಿ ಅಂತ ಟಿವಿ ನೋಡೀಯಿಲ್ಲ? ಓಣ್ಯಾಗ ಮಂದಿ ಕೇಳಿದ್ರ ಏನ್ ಹೇಳ್ಲಿ?"

"ತಾಯಿ ಪಾರ್ಟ್ ಆಪಾ" ಎಂದೆ.

ಅಕ್ಕ ಮಾತು ಬಿಟ್ಟಳು, ಆದರೆ ರೊಟ್ಟಿ ಬಡಿಯಲು ಕುಳಿತಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಲ್ಲ ಕಟ್ಟಿಕೊಟ್ಟಳು. ಬಾಯಿಗೆ ಬೀಗ ಹಾಕಿಕೊಂಡೇ ಬಸ್ ನಿಲ್ದಾಣದವರೆಗೂ ಬಂದಳು.

ವಿಮಾನ ನಿಲ್ದಾಣ

ಇಸ್ರೇಲಿನಲ್ಲಿ ಇಳಿದ ಕೂಡಲೇ ನನ್ನನ್ನು ಬದಿಗೆ ಕರೆದರು. ಪಾಸ್‌ಪೋರ್ಟಿನಲ್ಲಿ ಮಾಬೂಬಿ, ಶಾಲೆಯ ಆಮಂತ್ರಣದಲ್ಲಿ ಮಾಲತಿ. ಒಬ್ಬ ಹುಡುಗಿ ಅಧಿಕಾರಿ ಎರಡು ಹೆಸರು ಯಾಕೆ ಎಂದು ಕೇಳಿದಳು. ಒಂದು ಅಪ್ಪ ಇಟ್ಟದ್ದು, ಒಂದು ಮಾಲೀಕರು ಇಟ್ಟದ್ದು ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಮಾಲೀಕರು ಎಂದರೆ ಯಾರು, ಅವರು ನಿನಗೇಕೆ ಹೆಸರಿಟ್ಟರು ಎಂದು ಮತ್ತೆ ಕೇಳಿದಳು. ಹುಡುಗಿ ಒಳ್ಳೆಯವಳೇ, ಆದರೆ ಅವಳ ಮುಖದಲ್ಲಿ ನಗುವಿಗೆ ಜಾಗವೇ ಇರಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ಅಧಿಕಾರಿ ಬಂದ. ನನ್ನತ್ತ ನೋಡಿ ಐದೂ ಬೆರಳು ಒಟ್ಟುಗೂಡಿಸಿ, ತುದಿ ಮೇಲೆ ಮಾಡಿ, ಕೈ ಎರಡು ಸಲ ಅಲ್ಲಾಡಿಸಿದ. ನಮ್ಮ ಕಡೆ ಹೀಗೆ ಬೆರಳು ಕೂಡಿಸಿ ತೋರಿಸಿದರೆ ಊಟದ ಮಾತಲ್ಲದೆ ಇನ್ನೇನು? ಪಾಪ, ಹಸಿದಿದ್ದಾನೆ, ಊಟವಿದೆಯೇ ಎಂದು ಕೇಳುತ್ತಿದ್ದಾನೆ ಎಂದುಕೊಂಡೆ. "ಐತ್ರೀ ಸಾಹೇಬ್ರ" ಎಂದು ಚೀಲದ ಬಾಯಿ ಬಿಚ್ಚಿ, ರೊಟ್ಟಿಯ ಗಂಟು ಮೇಜಿನ ಮೇಲಿಟ್ಟು, ಗುರೆಳ್ಳು ಹಿಂಡಿಯ ಪೊಟ್ಟಣ ಬಿಚ್ಚಿದೆ. ಕರಿ ಪುಡಿ ಕಂಡದ್ದೇ ತಡ, ಇಬ್ಬರೂ ಹಿಂದೆ ಸರಿದರು. ಕೈಗವಸು ಹಾಕಿಕೊಂಡ ಮತ್ತಿಬ್ಬರು ಬಂದರು.

ಅವರ ಕಣ್ಣೆದುರಿಗೇ ರೊಟ್ಟಿ ಮುರಿದು, ಹಿಂಡಿ ಹಚ್ಚಿ, ನಾನೇ ತಿಂದು ತೋರಿಸಬೇಕಾಯಿತು. ದಾರಿಯುದ್ದಕ್ಕೂ ಹೆದರಿಕೆಗೆ ಏನೂ ತಿಂದಿರಲಿಲ್ಲ, ಹಾಗಾಗಿ ಒಂದಿಡೀ ರೊಟ್ಟಿ ಮುಗಿಸಿದೆ. ಹೊರಗೆ ಕಾಯುತ್ತಿದ್ದ ರಿವ್ಕಾ ಆಮೇಲೆ ವಿವರಿಸಿದಳು: ಬೆರಳು ಕೂಡಿಸಿ ತೋರಿಸಿದರೆ ಅಲ್ಲಿ 'ಸ್ವಲ್ಪ ತಾಳು' ಎಂದು ಅರ್ಥ. ನಾನು ಕಾರಿನಲ್ಲಿ ಕುಳಿತು ನಕ್ಕದ್ದೇ ನಕ್ಕದ್ದು. ಆ ಕೈಸನ್ನೆಯನ್ನೇ ನಾನು ಮುಂದೆ ದಿನಾ ಉಣ್ಣಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ.

ಹೈಫಾ

ಹೈಫಾ ಗುಡ್ಡದ ಮೈಗೆ ಅಂಟಿಕೊಂಡ ಊರು, ಕೆಳಗೆ ಸಮುದ್ರ. ಅಲ್ಲಿಯವರು ಮಾತಿನಲ್ಲಿ ನಮ್ಮ ಬಸ್ ನಿಲ್ದಾಣದವರ ಹಾಗೆಯೇ. ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸು ನನಗೆ ಮದುವೆಯಾಗಿದೆಯೇ, ಯಾಕಾಗಿಲ್ಲ, ಸಂಬಳವೆಷ್ಟು ಎಂದು ಇಳಿಯುವುದರೊಳಗೆ ಕೇಳಿ ಮುಗಿಸಿದಳು. ಸಾಲಿನಲ್ಲಿ ನಿಲ್ಲುವುದು ಅವರಿಗೂ ಬರುವುದಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದೊಂದನ್ನು ಯಾರಾದರೂ ಕಲಿಸಿಕೊಟ್ಟರೆ ಸಿಂಧನೂರಿಗೂ ಹೈಫಾಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ನಿಸ್ಸೀಮರ ಜೊತೆ ಕಾಯಿಪಲ್ಯೆ ಸಂತೆಗೆ ಹೋದೆ. ಅವರನ್ನು ಕಂಡವರೆಲ್ಲ ಕತ್ತೆಯ ಹಾಗೆ ಕೂಗುತ್ತಿದ್ದರು. ಬದನೆಕಾಯಿ ಮಾರುವವನು ಕೂಗಿದ, ಮೀನಿನವನು ಕೂಗಿದ, ಮೊಮ್ಮಗಳ ಕೈ ಹಿಡಿದು ಬಂದ ಅಜ್ಜಿಯೂ ಕೂಗಿದಳು. ನಾನು ಬೆಪ್ಪಾಗಿ ನೋಡಿದೆ. ನಿಸ್ಸೀಮರು ಮಾತ್ರ ನಗುತ್ತ ತಾವೂ ಒಮ್ಮೆ ಕೂಗಿದರು. ಬದನೆಕಾಯಿಯವನು ಖುಷಿಯಾಗಿ ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿದ.

"ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಕತ್ತೆಯಾಗಿದ್ದರು" ಎಂದು ರಿವ್ಕಾ ಪಿಸುಗುಟ್ಟಿದಳು. "ಇಡೀ ದೇಶ ಆ ಕತ್ತೆಯ ಜೊತೆ ಬೆಳೆದಿದೆ."

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವರ ಮುಖದ ನಗು ಅಳಿಸಿಹೋಯಿತು. ಕೊತ್ತಂಬರಿ ಕಟ್ಟನ್ನು ಸಿಂಕಿಗೆ ಎಸೆದರು.

ಅಡುಗೆಮನೆಯ ಗೋಡೆಯ ತುಂಬ ಅವರ ಹಳೆಯ ಫೋಟೋಗಳಿದ್ದವು. ಬದನೆಕಾಯಿ ಕರಿಯುತ್ತ ಒಂದೊಂದರ ಕಥೆಯನ್ನೂ ಹೇಳಿದರು, ರಿವ್ಕಾ ಹಿಂದಿಯಲ್ಲಿ ದಾಟಿಸಿದಳು. ಅವರು ಹುಟ್ಟಿದ್ದು ಬಗ್ದಾದಿನಲ್ಲಿ, ಕೈಗೂಸಾಗಿದ್ದಾಗ ಈ ದೇಶಕ್ಕೆ ಬಂದದ್ದು. ಅಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದ ತಂದೆ ಇಲ್ಲಿ ಡೇರೆಯಲ್ಲಿ ಸಂಸಾರ ಹೂಡಿ ರಸ್ತೆ ಕೆಲಸಕ್ಕೆ ಹೋದರು. ತಂದೆಯನ್ನು ನೆನೆದಾಗ ಅವರು 'ಅಬ್ಬಾ' ಎಂದರು. ನಮ್ಮ ಮನೆಯಲ್ಲೂ ಅಪ್ಪನನ್ನು ನಾವು ಕರೆಯುತ್ತಿದ್ದದ್ದು ಹಾಗೆಯೇ. ಆ ಒಂದು ಮಾತಿಗೆ ನಾನು ಎದ್ದು ಅವರ ಪಕ್ಕ ನಿಂತು ಉಳಿದ ಬದನೆಕಾಯಿ ಹೆಚ್ಚತೊಡಗಿದೆ.

ಮೊದಲು ಸೈನ್ಯದ ಮನರಂಜನಾ ತಂಡದಲ್ಲಿ ಹಾಡಿದರು. ಆಮೇಲೆ ನಾಟಕ ಶಾಲೆ ಸೇರಿದರು. ರಾಜನ ಪಾತ್ರ ಕೇಳಿದರೆ, ನಿನ್ನ ಗಂಟಲಿನಲ್ಲಿ ಇನ್ನೂ ಅರಬ್ಬಿ ಇದೆ ಎಂದು ಕಳ್ಳನ ಪಾತ್ರ ಕೊಟ್ಟರು. ಸಿನಿಮಾಕ್ಕೆ ಹೋದರೆ ಗೂಢಚಾರ, ಕೊಲೆಗಾರ, ಬಾಂಬು ಹಾಕುವವನು. "ನನ್ನಷ್ಟು ಸಲ ಗುಂಡೇಟು ತಿಂದು ಸತ್ತವರು ಈ ದೇಶದಲ್ಲಿ ಇಲ್ಲ" ಎಂದರು. ಒಂದು ಫೋಟೋದಲ್ಲಿ ಅವರ ಮುಖವಷ್ಟೇ ಗೋಡೆಯಷ್ಟು ದೊಡ್ಡದಾಗಿತ್ತು, ಹಣೆಯಿಂದ ರಕ್ತ ಇಳಿಯುತ್ತಿತ್ತು. ವಯಸ್ಸಾದ ಮೇಲೆ ಟ್ಯಾಕ್ಸಿ ಡ್ರೈವರ್, ಆಮೇಲೆ ಕತ್ತೆ, ಆಮೇಲೆ ಕಾಫಿ ಪುಡಿಯ ಜಾಹೀರಾತಿನ ಅಜ್ಜ. ಕೊನೆಗೆ ಎಲ್ಲ ಬಿಟ್ಟು, ಬಂದರಿನ ಹತ್ತಿರ ಒಂದು ಹಳೆಯ ಗೋದಾಮು ಹಿಡಿದು ಶಾಲೆ ತೆರೆದರು.

"ನನ್ನ ಶಾಲೆಯಲ್ಲಿ ಯಾರ ಮುಖ ನೋಡಿಯೂ ಪಾತ್ರ ಹಂಚುವುದಿಲ್ಲ" ಎಂದು ಬದನೆಕಾಯಿ ತಟ್ಟೆಗೆ ಹಾಕಿದರು.

ಪಕ್ಕದಲ್ಲಿ ಅಂಬಾ ಎಂಬ ಹಳದಿ ಬಣ್ಣದ ಮಾವಿನಕಾಯಿ ಗೊಜ್ಜು ಬಡಿಸಿದರು. ಹಿಂದೆ ಮುಂಬಯಿಯಿಂದ ಬಗ್ದಾದಿಗೆ ಹೋದದ್ದಂತೆ. ಉಪ್ಪು ಖಾರ ಎಲ್ಲವನ್ನೂ ದಾರಿಯಲ್ಲಿ ಕಳೆದುಕೊಂಡ ಉಪ್ಪಿನಕಾಯಿಯ ಹಾಗಿತ್ತು, ಆದರೂ ಹೊಗಳಿದೆ. ಇಂಥ ಮನುಷ್ಯನಿಗೆ ನಾನು ನೀರಿಲ್ಲದ ಊರಿನಲ್ಲೂ ಬಾವಿ ತೋಡಿಕೊಡುತ್ತಿದ್ದೆ.

ಗೋದಾಮಿನ ಶಾಲೆ

ತರಗತಿಯಲ್ಲಿ ನಾನು ಬಾಯಿ ಬಿಟ್ಟ ಮೊದಲ ದಿನ ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಕಂಪನಿಯಲ್ಲಿ ಕಟ್ಟಕಡೆಯ ಸಾಲಿಗೆ ಕೇಳಿಸದಿದ್ದರೆ ಅದು ಮಾತೇ ಅಲ್ಲ. ಇಲ್ಲಿ ಮೈಕು ಅಂಗಿಯೊಳಗೇ ಇರುತ್ತದೆ. ನಿಸ್ಸೀಮರು ನನ್ನ ದನಿಯನ್ನು ದಿನದಿನವೂ ಸಣ್ಣಗೆ ಮಾಡುತ್ತ ಹೋದರು. ಕಲಿಸುವುದರಲ್ಲಿ ಅವರು ನಿಜವಾಗಿಯೂ ದೊಡ್ಡವರು, ಅದನ್ನು ಇಲ್ಲ ಎಂದರೆ ನಾನು ಸುಳ್ಳಿ. ಮಗಳು ಸತ್ತ ಸುದ್ದಿಯನ್ನು ತಾಯಿ ಕೇಳುವ ಒಂದು ದೃಶ್ಯವನ್ನು ನನ್ನಿಂದ ಕನ್ನಡದಲ್ಲೇ ಮಾಡಿಸಿದರು. ಭಾಷೆ ಬಾರದ ಹುಡುಗ ಹುಡುಗಿಯರು ಕಣ್ಣೊರೆಸಿಕೊಂಡರು. ಒಬ್ಬರೂ ನಗಲಿಲ್ಲ. ಅಂಥ ನಿಶ್ಶಬ್ದವನ್ನು ನಾನು ಬದುಕಿನಲ್ಲಿ ಮೊದಲ ಸಲ ಕೇಳಿದೆ. ಅದರ ರುಚಿ ಹತ್ತಿದ ಮೇಲೆ ನನಗೆ ಬೇರೇನೂ ಬೇಡವಾಯಿತು.

"ಸಿನಿಮಾದ ತಾಯಿಯ ಮಾತು ಯಾವಾಗ ಕೊಡ್ತೀರಿ?" ಎಂದು ಮರುದಿನ ಕೇಳಿದೆ.

ನಿಸ್ಸೀಮರು ಬೆರಳು ಕೂಡಿಸಿ ತೋರಿಸಿದರು. ತಾಳು.

ಮತ್ತೊಂದು ದಿನ ಕೇಳಿದೆ. ಮತ್ತೆ ಬೆರಳು. ಶಾಲೆಯ ಹತ್ತಿರದ ಉದ್ಯಾನದ ಬೆಂಚಿನಲ್ಲಿ ಕುಳಿತು ಕಾಯುವುದು ರೂಢಿಯಾಯಿತು. ಅಲ್ಲಿ ಆರೈಕೆಯ ಕೆಲಸಕ್ಕೆ ಬಂದ ನಮ್ಮ ದೇಶದ ಹೆಂಗಸರು ಗಾಲಿಕುರ್ಚಿಯಲ್ಲಿ ಮುದುಕ ಮುದುಕಿಯರನ್ನು ತಳ್ಳಿಕೊಂಡು ಬರುತ್ತಿದ್ದರು. ಕೇರಳದವಳೊಬ್ಬಳು ಪಕ್ಕ ಕುಳಿತು, ತಾನು ತಂದ ಬಾಳೆಹಣ್ಣಿನಲ್ಲಿ ಅರ್ಧ ಕೊಟ್ಟು, "ಯಾವ ಮನೆ ನಿನ್ನದು? ಮುದುಕಿ ಎದ್ದು ಓಡಾಡ್ತಾಳಾ, ಮಲಗಿದ್ದಲ್ಲೇನಾ?" ಎಂದು ಹಿಂದಿಯಲ್ಲಿ ಕೇಳಿದಳು. ನಾನು ನಟಿ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಲೆಕೆಟ್ಟಿದೆ ಎಂದುಕೊಂಡಳೋ ಏನೋ, ಉಳಿದರ್ಧ ಬಾಳೆಹಣ್ಣನ್ನೂ ಕೊಟ್ಟು ಎದ್ದುಹೋದಳು.

ಕೊನೆಗೆ ಎಲ್ಲರನ್ನೂ ಕೂಡಿಸಿ ಕಥೆ ಓದಿದರು. ತಾಯಿಯ ಪಾತ್ರ ಆ ದೇಶದ ಹೆಸರಾಂತ ನಟಿಯೊಬ್ಬಳಿಗೆ ಹೋಗಿತ್ತು. ತಾಯಿ ಗಾಲಿಕುರ್ಚಿಯಲ್ಲಿ ಕುಳಿತಿರುತ್ತಾಳೆ. ಅದನ್ನು ತಳ್ಳುವ ಭಾರತದ ಹೆಂಗಸು ನಾನು. ನನಗೆ ಮಾತೇ ಇರಲಿಲ್ಲ.

ರಿವ್ಕಾ ದಾಟಿಸುತ್ತಿದ್ದವಳು ತಲೆ ತಗ್ಗಿಸಿದಳು. ನಿಸ್ಸೀಮರು ನನ್ನ ಕೈ ಹಿಡಿದುಕೊಂಡರು. "ದುಡ್ಡು ಹಾಕುವವರು ಹೆಸರಿರುವ ತಾಯಿ ಬೇಕೆಂದರು. ಬೇಸರ ಮಾಡಬೇಡ. ಕುರ್ಚಿ ತಳ್ಳುವ ಭಾರತದ ಹೆಂಗಸು ಇಲ್ಲಿ ಪ್ರತಿ ಬೀದಿಯಲ್ಲೂ ಇದ್ದಾಳೆ. ಅದು ಸತ್ಯ. ನಿನ್ನನ್ನು ನೋಡಿದರೆ ಜನ ಒಡನೆ ನಂಬುತ್ತಾರೆ."

ಸಿಂಧನೂರಿನಲ್ಲಿ ಪೊರಕೆ ಕೊಟ್ಟಾಗ ಬಸಣ್ಣನವರೂ ಇದನ್ನೇ ಹೇಳಿದ್ದರು. ಅವರು ಕೈ ಮಾತ್ರ ಹಿಡಿದುಕೊಂಡಿರಲಿಲ್ಲ. ಟಿಕೇಟಿನ ದಿನ ಬದಲಿಸಿ ಮನೆಗೆ ಹೋಗೋಣ ಎಂದುಕೊಂಡೆ. ಹೋಗಿ ಅಕ್ಕನಿಗೆ ಏನೆಂದು ಹೇಳಲಿ? ಉಳಿದೆ, ನನ್ನ ಮೇಲೇ ಅಸಹ್ಯಪಡುತ್ತ ಉಳಿದೆ.

ಸಮುದ್ರದ ದಂಡೆ

ಚಿತ್ರೀಕರಣ ಸಮುದ್ರದ ದಂಡೆಯ ಕಾಲುದಾರಿಯಲ್ಲಿ. ಕ್ಯಾಮೆರಾ ನನ್ನ ಹಿಂದೆ. ನಾನು ಕುರ್ಚಿ ತಳ್ಳುತ್ತ ದೂರ ಹೋಗಬೇಕು, ಆ ನಟಿ ಕತ್ತು ಹೊರಳಿಸಿ ಮಾತಾಡಬೇಕು. ಮೊದಲ ಸಲ ನಾನು ಕ್ಯಾಮೆರಾದ ಕಡೆಗೆ ವಾಲಿ, ಅಡ್ಡಡ್ಡ ನಡೆದೆ. ಕುರ್ಚಿ ಸೊಟ್ಟಗೆ ಹೋಗಿ ಕಲ್ಲಿಗೆ ಬಡಿಯಿತು. ಎರಡನೆಯ ಸಲವೂ ಹಾಗೇ ಆಯಿತು, ಆಮೇಲೆಯೂ ಆಯಿತು.

ಬೇಕೆಂದು ಮಾಡಿದ್ದಲ್ಲ. ಕಂಪನಿಯಲ್ಲಿ ಎಲ್ಲಕ್ಕೂ ಮೊದಲು ಕಲಿಸುವ ಪಾಠ ಇದು: ಕುಳಿತ ಜನಕ್ಕೆ ಬೆನ್ನು ತೋರಿಸಬಾರದು. ಸಾಯುವಾಗಲೂ ಮುಖ ಅವರ ಕಡೆಗಿರಬೇಕು, ರಂಗದಿಂದ ಹೊರಗೆ ಹೋಗುವಾಗಲೂ ಓರೆಯಾಗಿ ಹೋಗಬೇಕು. ನನ್ನ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದು. ಬುದ್ಧಿ ಬೇಡವೆಂದರೂ ಕಾಲು ಕೇಳುತ್ತಿರಲಿಲ್ಲ.

ಹೊತ್ತು ಇಳಿಯುತ್ತಿತ್ತು. ನಿಸ್ಸೀಮರು ಟೋಪಿ ನೆಲಕ್ಕೆಸೆದು ಇಂಗ್ಲಿಷಿನಲ್ಲಿ ಕಿರುಚಿದರು: "ನೋಬಡಿ ನೀಡ್ಸ್ ಯುವರ್ ಫೇಸ್!"

ರಿವ್ಕಾ ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ನನ್ನ ಬಾಯಿಂದ ನನ್ನ ಊರಿನ ಮಾತೇ ಬಂತು, ಕಂಪನಿಯ ಕಟ್ಟಕಡೆಯ ಸಾಲಿಗೆ ಕೇಳುವ ದನಿಯಲ್ಲೇ ಬಂತು:

"ನಿಮ್ಮನ್ನ ಗುಂಡು ಹಾಕಿ ಕೊಂದೋರಿಗೂ ನಿಮ್ಮ ಮಾರಿ ಬೇಕಾಗಿತ್ರಿ! ಗ್ವಾಡಿ ತುಂಬ ಫೋಟೋ ಹಾಕ್ಕೊಂಡೀರಲ್ಲ! ನಿಮಗ ನನ್ನ ಬೆನ್ನು ಸಾಕಾತೇನ್ರಿ?"

ಆಮೇಲೆ ಅದನ್ನೇ ರಿವ್ಕಾಳಿಗೆ ಹಿಂದಿಯಲ್ಲಿ ಹೇಳಿ, ಒಂದಕ್ಷರ ಬಿಡದೆ ಹೇಳು ಎಂದೆ. ಅವಳು ಹೇಳಿದಳು. ಆ ಹೆಸರಾಂತ ನಟಿ ಕುರ್ಚಿಯಿಂದ ಎದ್ದು ದೂರ ಹೋಗಿ ನಿಂತಳು. ನಿಸ್ಸೀಮರು ಬಂದು ಆ ಖಾಲಿ ಗಾಲಿಕುರ್ಚಿಯಲ್ಲಿ ಕುಳಿತರು. ಸಮುದ್ರದ ಕಡೆ ನೋಡಿದರು. ಮುಖ ಕೈಯಲ್ಲಿ ಉಜ್ಜಿಕೊಂಡರು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ಕೇಳಿದರೆ ನಾನು ಅಳುತ್ತಿದ್ದೆ, ಎಲ್ಲವೂ ತೊಳೆದುಹೋಗುತ್ತಿತ್ತು.

"ನೀನು ಹೇಳಿದ್ದು ಸರಿ" ಎಂದರು. "ಬೆಳಕು ಹೋಗುತ್ತಿದೆ. ಒಂದೇ ಒಂದು ಸಲ ಮಾಡಿಬಿಡು."

ಆ ನಟಿ ಮತ್ತೆ ಕುರ್ಚಿಗೆ ಬಂದಳು. ಮಾಡಿದೆ. ಕಾಲನ್ನು ನೆಟ್ಟಗಿಟ್ಟು, ಕತ್ತು ಹೊರಳಿಸದೆ, ಕುರ್ಚಿ ತಳ್ಳುತ್ತ ಆ ದಾರಿಯ ಕೊನೆಯವರೆಗೂ ಹೋದೆ. ಹಿಂದಿನಿಂದ ಜೋರು ಚಪ್ಪಾಳೆ ಕೇಳಿಸಿತು. ಬಣ್ಣ ಹಚ್ಚಿದಂದಿನಿಂದ ಒಂದು ಸಲವೂ ಜನಕ್ಕೆ ಬೆನ್ನು ತೋರಿಸಿದವಳಲ್ಲ, ಅಂದು ತೋರಿಸಿದೆ, ಅದಕ್ಕೆ ಚಪ್ಪಾಳೆ ಹೊಡೆದರು. ನಿಸ್ಸೀಮರು ಅಪ್ಪಿಕೊಳ್ಳಲು ಬಂದಾಗ ನಾನು ಕುರ್ಚಿಯ ಹಿಡಿಕೆ ಬಿಡಲಿಲ್ಲ.

ಮಸ್ಕಿ

ಸಿನಿಮಾ ಸಿದ್ಧವಾಗಿ ಮೊಬೈಲಿಗೆ ಬಂದಾಗ ನಾನು ಮಸ್ಕಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕ ಕನ್ನಡಕ ಹಾಕಿಕೊಂಡು ಮೊಬೈಲನ್ನು ಡಬ್ಬಿಗೆ ಆನಿಸಿಟ್ಟಳು.

"ಇಕಿ ಯಾರ? ನೀ ಎಲ್ಲಿ ಅದೀಯ?"

"ಅಕಿ ಹಿಂದ."

ಅಕ್ಕ ಮುಖವನ್ನು ಮೊಬೈಲಿನ ಹತ್ತಿರ ತಂದಳು. ಪರದೆಯಲ್ಲಿ ನಾನು ಕುರ್ಚಿ ತಳ್ಳುತ್ತ ದೂರ ಹೋಗುತ್ತಿದ್ದೆ. "ಯಾ ಅಲ್ಲಾ" ಎಂದಳು. "ಥೇಟ್ ನಮ್ಮ ಅಮ್ಮಿ ನಡದಂಗ ಐತಲ್ಲಬೇ." ಅಮ್ಮಿ ತೀರಿಕೊಂಡು ಬಹಳ ವರ್ಷವಾಗಿದೆ. ಅಕ್ಕ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಆಮೇಲೆ ಕನ್ನಡಕ ತೆಗೆದು, "ಇದನ್ನ ಮಂದಿಗಿ ತೋರ್ಸಬ್ಯಾಡ ಮಾಬು. ಅಷ್ಟು ದೂರ ಹೋಗಿ ಕುರ್ಚಿ ತಳ್ಳಿ ಬಂದಾಳ ಅಂತಾರ" ಎಂದಳು.

ಲಿಂಗಸುಗೂರು

ಮಂದಿಗೆ ಆಗಲೇ ಗೊತ್ತಾಗಿತ್ತು, ಆದರೆ ತಪ್ಪಾಗಿ ಗೊತ್ತಾಗಿತ್ತು. ಕಂಪನಿ ಲಿಂಗಸುಗೂರಿನಲ್ಲಿತ್ತು. ನಾನು ಬಸ್ಸಿಳಿದಾಗ ಬಸಣ್ಣನವರ ಆಟೋ ಕೂಗುತ್ತಿತ್ತು: "ವಿದೇಶಿ ಸಿನಿಮಾದಲ್ಲಿ ನಟಿಸಿ ಬಂದ ಮಾಲತಿ ಸಿಂಧನೂರು, ಇಂದಿನ ಆಟದಲ್ಲಿ ತಾಯಿಯ ಪಾತ್ರದಲ್ಲಿ!"

"ಮಾಲೀಕ್ರ, ಅಲ್ಲಿ ನಾ ಕುರ್ಚಿ ತಳ್ಳೀನ್ರಿ, ಅಷ್ಟ" ಎಂದೆ.

"ತಳ್ಳಿದ್ರ ತಳ್ಳಿಯವ್ವಾ. ವಿದೇಶದಾಗ ತಳ್ಳೀದಿ ಇಲ್ಲ?" ಎಂದು ಸೀರೆ ಕೈಗಿತ್ತರು.

ಸಮುದ್ರ ದಾಟಿ ಹೋದರೂ ಸಿಗದ ಪಾತ್ರ ಒಂದು ಸುಳ್ಳಿನ ದೆಸೆಯಿಂದ ಲಿಂಗಸುಗೂರಿನಲ್ಲಿ ಸಿಕ್ಕಿತು. ಬೇಡವೆನ್ನುವ ಸ್ವಾಭಿಮಾನ ನನಗಿರಲಿಲ್ಲ. ಬಿಳಿ ಸೀರೆ ಉಟ್ಟು ರಂಗಕ್ಕೆ ಬಂದು, "ಮಗಾ, ನಿನ್ನ ತಾಯಿ ಬಂದಿದ್ದೇನಪ್ಪಾ" ಎಂದೆ. ಇಡೀ ಥಿಯೇಟರ್ ಗೊಳ್ಳೆಂದು ನಕ್ಕಿತು. ಪೊರಕೆ ಎಲ್ಲಿ ಎಂದು ಯಾರೋ ಕೂಗಿದರು. ಮಗನ ಹೆಣದ ಮುಂದೆ ಅತ್ತಾಗ ಶಿಳ್ಳೆ ಬಿತ್ತು.

"ನಾಳಿಂದ ನಿನ್ನ ಹಳೇ ಪಾರ್ಟ್ ಮಾಡವ್ವಾ" ಎಂದು ಬಸಣ್ಣನವರು ತಣ್ಣಗೆ ಹೇಳಿದರು. "ಮಂದಿಗಿ ನೀ ಹಂಗಾ ಬೇಕು."

"ತಾಯಿ ಪಾರ್ಟ್ ನಂದ್ರಿ. ನಗೋರು ನಗಲಿ. ಕಸ ಹೊಡಿಯಾಕ ಬ್ಯಾರೆಯವರನ್ನ ನೋಡ್ಕೋರ್ರಿ" ಎಂದೆ. ಮಾಲೀಕರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕಂಪನಿ ಬಿಡಿಸುತ್ತಾರೆ ಎಂದುಕೊಂಡೆ. ಈ ವಾರ ಮುಗಿಯಲಿ ನೋಡೋಣ ಎಂದರು. ಮರುದಿನವೂ ನಕ್ಕರು, ಅದರ ಮರುದಿನವೂ ನಕ್ಕರು.

ವಾರದ ಕೊನೆಯ ದಿನ, ಸಂಜೆಯ ಆಟ. ಹೆಣದ ಮುಂದೆ ಮೊಣಕಾಲೂರಿದೆ. ದನಿ ಏರಿಸಲಿಲ್ಲ, ಗೋದಾಮಿನಲ್ಲಿ ಕಲಿತಷ್ಟೇ ಸಣ್ಣಗೆ ಮಾತು ತೆಗೆದೆ. ನಗೆ ಎದ್ದಿತು. ಆಗ ನೆಲದ ಸಾಲಿನಲ್ಲಿ ಕುಳಿತ ಒಬ್ಬ ಮುದುಕಿ, ಎಲೆಯಡಿಕೆ ತುಂಬಿದ ಬಾಯಲ್ಲಿ, ಹಿಂದಕ್ಕೆ ತಿರುಗಿ ಗದರಿದಳು:

"ಸುಮ್ಕ ಕುಂದರ್ರಲೇ! ತಾಯಿ ಮಾತಾಡಾಕತ್ತಾಳ, ಕೇಳಸವಲ್ದು."

ಮುಂದಿನ ಸಾಲುಗಳು ಸುಮ್ಮನಾದವು. ಹಿಂದಿನವರು ಇನ್ನೂ ನಗುತ್ತಿದ್ದರು. ನಾನು ಮುಖವನ್ನು ಅವರ ಕಡೆಗೇ ಎತ್ತಿ ಮಾತು ಮುಂದುವರಿಸಿದೆ.